ಕಾರಿಗೆ ಪೂರ್ತಿ ಕಪ್ಪು ರೂಪ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾರಿನ ಹೊರಮೈಯನ್ನು ಕಪ್ಪಾಗಿಸುವ ಬಗ್ಗೆ ಬೆಂಗಳೂರಿನ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆಯ್ದು ಈ ಸಂಚಿಕೆಯಲ್ಲಿ ಒಟ್ಟಿಗೆ ಉತ್ತರಿಸಲಾಗಿದೆ. ಹೆಸರು ಬೇಡವೆಂದು ಹಲವರು ಕೋರಿರುವುದರಿಂದ ಬಡಾವಣೆಯನ್ನು ಮಾತ್ರ ನಮೂದಿಸಿದ್ದೇವೆ.

ಪ್ರಶ್ನೆ: ನನ್ನದು ಬೆಳ್ಳಿ ಬಣ್ಣದ ಸೆಡಾನ್. ಕೊಂಡು ಆರು ವರ್ಷವಾಗಿದೆ. ಅದಕ್ಕೆ ಪೂರ್ತಿ ಕಪ್ಪು ರೂಪ ಕೊಡಬೇಕೆಂಬುದು ಬಹುದಿನದ ಆಸೆ. ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದಾಗ ಒಬ್ಬರು ಪೇಂಟ್ ಮಾಡಿಸಿ ಎಂದರು, ಇನ್ನೊಬ್ಬರು ಮೈಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸುವ ವಿನೈಲ್ ರ‍್ಯಾಪ್ ಸಾಕು ಎಂದರು. ಯಾವುದು ಸರಿ? ಎಲ್ಲಿಂದ ಆರಂಭಿಸಬೇಕು? (ಜಯನಗರ)

ಉತ್ತರ: ಎಲ್ಲಿಂದ ಆರಂಭಿಸಬೇಕು ಎಂಬುದಕ್ಕೆ ಮೊದಲು ಉತ್ತರಿಸುತ್ತೇನೆ. ಅದು ಸ್ಪಷ್ಟವಾದರೆ ಪೇಂಟೋ ರ‍್ಯಾಪೋ ಎಂಬ ಗೊಂದಲದ ಅರ್ಧ ಭಾಗ ತಾನಾಗಿಯೇ ಕರಗುತ್ತದೆ. ಯಾವುದೇ ಕಾರನ್ನು ದೂರದಿಂದ ನೋಡುವಾಗ ಕಣ್ಣು ಮೊದಲು ಹೋಗುವುದು ಹೊಳೆಯುವ ಕ್ರೋಮ್ ಭಾಗಗಳ ಕಡೆಗೆ: ಗ್ರಿಲ್ಲಿನ ಅಂಚು, ಕಿಟಕಿಗಳ ಸುತ್ತಲಿನ ಪಟ್ಟಿ, ಬಾಗಿಲ ಹಿಡಿ, ಡಿಕ್ಕಿಯ ಮೇಲಿನ ಅಡ್ಡಪಟ್ಟಿ, ಕಂಪನಿಯ ಲಾಂಛನ. ಇವುಗಳ ಜೊತೆಗೆ ಪಕ್ಕದ ಕನ್ನಡಿಗಳ ಹೊದಿಕೆ ಮತ್ತು ಚಕ್ರಗಳು ಕಪ್ಪಾದರೆ, ಮೈಬಣ್ಣ ಬೆಳ್ಳಿಯಾಗಿಯೇ ಉಳಿದರೂ ಕಾರಿನ ಮುಖವೇ ಬದಲಾಗುತ್ತದೆ. ಆದ್ದರಿಂದ ನೀವು ಮೊದಲು ಇಷ್ಟನ್ನು ಮಾತ್ರ ಮಾಡಿಸಿ, ಕೆಲವು ತಿಂಗಳು ಓಡಾಡಿ, ಆಮೇಲೂ ಮನಸ್ಸು ಪೂರ್ತಿ ಕಪ್ಪನ್ನೇ ಬಯಸಿದರೆ ಮೈಬಣ್ಣದ ವಿಚಾರಕ್ಕೆ ಕೈಹಾಕಬೇಕೆಂಬುದು ನನ್ನ ಸಲಹೆ. ಬೆಳ್ಳಿ ಬಣ್ಣದ ಮೇಲೆ ಕಪ್ಪು ಅಂಚುಗಳು ಬಹಳ ಚೆನ್ನಾಗಿ ಒಪ್ಪುತ್ತವೆ. ಹೀಗೆ ಆರಂಭಿಸಿದ ಅನೇಕರಿಗೆ ಅಲ್ಲಿಗೇ ತೃಪ್ತಿಯಾಗಿಬಿಡುತ್ತದೆ.

ಕ್ರೋಮ್ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಂದಿನ ಕಾರುಗಳ ಕ್ರೋಮ್ ಪಟ್ಟಿಗಳು ಹೆಚ್ಚಾಗಿ ಪ್ಲಾಸ್ಟಿಕ್ಕಿನ ಮೇಲೆ ನಿಕ್ಕಲ್ ಮತ್ತು ಕ್ರೋಮಿಯಂ ಲೇಪ ಏರಿಸಿದಂಥವು. ಆ ಮೇಲ್ಮೈ ಎಷ್ಟು ನುಣುಪಾಗಿರುತ್ತದೆಂದರೆ ಬಣ್ಣ ಅದನ್ನು ಹಿಡಿದುಕೊಳ್ಳಲಾರದು. ಉಪ್ಪು ಕಾಗದದಿಂದ ಹದವಾಗಿ ಉಜ್ಜಿ ಹೊಳಪು ತೆಗೆದು, ಅಂಟಿಕೊಳ್ಳಲು ನೆರವಾಗುವ ಪ್ರೈಮರ್ ಹೊಡೆದು, ಆಮೇಲೆ ಕಪ್ಪು, ಅದರ ಮೇಲೆ ಕ್ಲಿಯರ್ ಕೋಟ್ (ಬಣ್ಣವನ್ನು ಕಾಯುವ ಪಾರದರ್ಶಕ ಪದರ) ಕೊಟ್ಟರೆ ಮಾತ್ರ ಬಾಳಿಕೆ ಬರುತ್ತದೆ. ಇವುಗಳಲ್ಲಿ ಒಂದು ಹಂತ ತಪ್ಪಿದರೂ ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಅಂಚುಗಳಲ್ಲಿ ಪೊರೆ ಏಳುತ್ತದೆ. ಕ್ರೋಮಿನ ಮೇಲೆ ನೇರವಾಗಿ ಸ್ಪ್ರೇ ಡಬ್ಬಿಯಿಂದ ಹೊಡೆದು ಸಂಜೆಗೆ ಕಾರು ಕೊಡುತ್ತೇವೆ ಎನ್ನುವವರ ಮಾತನ್ನು ದಯವಿಟ್ಟು ಒಪ್ಪಬೇಡಿ. ಕಿಟಕಿ ಪಟ್ಟಿಗಳಂತಹ ನೀಳವಾದ ಭಾಗಗಳಿಗೆ ಹೊಳಪು ಕಪ್ಪಿನ ವಿನೈಲ್ ಅಂಟಿಸುವುದೇ ಮೇಲು, ಏಕೆಂದರೆ ಬೇಡವಾದಾಗ ಕಿತ್ತುಹಾಕಿ ಮೂಲ ಕ್ರೋಮನ್ನು ಮರಳಿ ಪಡೆಯಬಹುದು. ಗ್ರಿಲ್ಲಿನಲ್ಲಿ ಸಣ್ಣ ಸಣ್ಣ ಕಿಂಡಿಗಳಿದ್ದರೆ ವಿನೈಲ್ ಮೂಲೆಗಳಲ್ಲಿ ನಿಲ್ಲುವುದಿಲ್ಲ. ಅದನ್ನು ಬಿಚ್ಚಿ ಪೇಂಟ್ ಮಾಡಿಸಬೇಕು, ಇಲ್ಲವೇ ಅದೇ ಮಾದರಿಯ ಕಪ್ಪು ಗ್ರಿಲ್ ಸಿಕ್ಕರೆ ಬದಲಿಸಿ ಹಳೆಯದನ್ನು ಮನೆಯಲ್ಲಿ ಎತ್ತಿಡಬೇಕು.

ಡಿಕ್ಕಿಯ ಮೇಲಿನ ಮಾದರಿಯ ಹೆಸರನ್ನು ತೆಗೆಸುವ ಯೋಚನೆಯಿದ್ದರೆ ಹೀಟ್ ಗನ್ನಿನಿಂದ ಹದವಾಗಿ ಬಿಸಿ ಮಾಡಿ, ಗಾಳದ ದಾರದಂಥ ಗಟ್ಟಿ ಎಳೆಯನ್ನು ಅಕ್ಷರಗಳ ಹಿಂದೆ ಗರಗಸದಂತೆ ಎಳೆದು ಬಿಡಿಸುವುದು ಪದ್ಧತಿ. ಆರು ವರ್ಷ ಬಿಸಿಲು ಕಂಡ ಕಾರಿನಲ್ಲಿ ಅಕ್ಷರಗಳ ಅಡಿಯ ಬಣ್ಣ ಸುತ್ತಲಿನದಕ್ಕಿಂತ ತಾಜಾ ಆಗಿರುವುದರಿಂದ ಹೆಸರಿನ ನೆರಳು ಉಳಿಯುವುದುಂಟು. ಪಾಲಿಶ್ ಮಾಡಿದರೆ ಅದು ಬಹುಮಟ್ಟಿಗೆ ತಗ್ಗುತ್ತದೆ.

ಇನ್ನು ಪೂರ್ತಿ ಮೈ. ಪೇಂಟ್ ಮತ್ತು ರ‍್ಯಾಪ್ ಎರಡರಲ್ಲಿ ನಿಮ್ಮ ಸಂದರ್ಭಕ್ಕೆ ರ‍್ಯಾಪ್ ಎಂದೇ ಹೇಳುತ್ತೇನೆ. ಕಾರಣ ಕಾರ್ಖಾನೆಯ ಬಣ್ಣಕ್ಕಿರುವ ಬೆಲೆ. ಕಾರ್ಖಾನೆಯಲ್ಲಿ ಬರಿಯ ಲೋಹದ ಕವಚಕ್ಕೆ ಬಣ್ಣ ಹಚ್ಚಿ ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಜೋಡಣೆಯಾದ ಕಾರಿನಲ್ಲಿ ಪ್ಲಾಸ್ಟಿಕ್, ರಬ್ಬರ್, ವೈರುಗಳೆಲ್ಲ ಇರುವುದರಿಂದ ಗ್ಯಾರೇಜಿನ ಪೇಂಟ್ ಬೂತಿನಲ್ಲಿ ಸುಮಾರು 60 ಡಿಗ್ರಿಗಿಂತ ಹೆಚ್ಚು ಶಾಖ ಕೊಡುವಂತಿಲ್ಲ. ಒಳ್ಳೆಯ ಕೈಗಳು ಒಳ್ಳೆಯ ಬಣ್ಣ ಬಳಸಿದರೆ ಅದೂ ಚೆನ್ನಾಗಿಯೇ ಬಾಳುತ್ತದೆ, ಆದರೆ ಮೂಲ ಬಣ್ಣ ಮಾತ್ರ ಮರಳಿ ಬರುವುದಿಲ್ಲ. ಮುಂದೆ ಮಾರುವಾಗ, ಪೂರ್ತಿ ಪೇಂಟ್ ಆದ ಕಾರನ್ನು ಕೊಳ್ಳುವವರು ಯಾವುದೋ ದೊಡ್ಡ ಅಪಘಾತವನ್ನು ಮುಚ್ಚಿಡಲಾಗಿದೆಯೇ ಎಂದು ಅನುಮಾನಿಸುವುದು ಸಹಜ. ಕಪ್ಪು ಬಣ್ಣಕ್ಕೆ ಇನ್ನೊಂದು ಗುಣವಿದೆ: ಅದು ಅಡಿಯ ಕೆಲಸದ ಒಂದು ದೋಷವನ್ನೂ ಮರೆಮಾಚುವುದಿಲ್ಲ. ಬೆಳ್ಳಿಯಲ್ಲಿ ಕಾಣದ ಸಣ್ಣ ಡೆಂಟು, ಸರಿಯಾಗಿ ತೀಡದ ಪಟ್ಟಿ, ಅಲೆಅಲೆಯಾದ ಬಾಗಿಲು, ಇವೆಲ್ಲ ಹೊಳಪು ಕಪ್ಪಿನಲ್ಲಿ ಎದ್ದು ಕಾಣುತ್ತವೆ. ಹಾಗಾಗಿ ಪೇಂಟ್ ಆಗಲಿ ರ‍್ಯಾಪ್ ಆಗಲಿ, ಟಿಂಕರಿಂಗ್ ಕೆಲಸ ಮೊದಲು ಮುಗಿಯಲೇಬೇಕು.

ರ‍್ಯಾಪ್ ಮಾಡಿಸುವುದಾದರೆ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ, ಫಿಲ್ಮ್ ‘ಕಾಸ್ಟ್’ ಜಾತಿಯದೋ ‘ಕ್ಯಾಲೆಂಡರ್ಡ್’ ಜಾತಿಯದೋ ಎಂಬುದು. ದ್ರವರೂಪದ ವಿನೈಲನ್ನು ಹಾಳೆಯಾಗಿ ಹರಡಿ ಒಣಗಿಸಿದ್ದು ಕಾಸ್ಟ್. ಅದು ತೆಳು, ಮೃದು, ಬಂಪರಿನ ತಿರುವುಗಳಿಗೆ ಹೊಂದಿಕೊಂಡು ಹಾಗೆಯೇ ಉಳಿಯುತ್ತದೆ. ರೋಲರುಗಳ ನಡುವೆ ಒತ್ತಿ ಹಿಗ್ಗಿಸಿದ ಕ್ಯಾಲೆಂಡರ್ಡ್ ಫಿಲ್ಮ್ ಅಗ್ಗ, ಆದರೆ ಬಿಸಿಲಿಗೆ ಮತ್ತೆ ಕುಗ್ಗಲು ಎಳೆಯುತ್ತಿರುತ್ತದೆ. ಅಂಚುಗಳು ಬಿಡುವುದು ಅದರಿಂದಲೇ. 3ಎಂ, ಏವರಿ ಡೆನಿಸನ್, ಓರಾಫಾಲ್ ಮುಂತಾದ ಕಂಪನಿಗಳು ಕಾರಿನ ಪೂರ್ತಿ ಹೊದಿಕೆಗೆಂದೇ ಕಾಸ್ಟ್ ಫಿಲ್ಮುಗಳನ್ನು ಮಾಡುತ್ತವೆ. ಬಾನೆಟ್, ರೂಫ್, ಡಿಕ್ಕಿಗಳು ಆಕಾಶಕ್ಕೆ ಮುಖಮಾಡಿರುವುದರಿಂದ ಅಲ್ಲಿನ ಫಿಲ್ಮ್ ಬಾಗಿಲುಗಳ ಮೇಲಿನದಕ್ಕಿಂತ ಬೇಗ ಸೋಲುತ್ತದೆಂಬುದನ್ನೂ, ಆ ಭಾಗಗಳಿಗೆ ವಾರಂಟಿ ಕಡಿಮೆ ಅವಧಿಯದೆಂಬುದನ್ನೂ ಕೇಳಿ ತಿಳಿದುಕೊಳ್ಳಿ. ಹಿಂದೆ ಎಲ್ಲಾದರೂ ಮರುಪೇಂಟ್ ಆದ ಭಾಗವಿದ್ದರೆ ಕೆಲಸಕ್ಕೆ ಮೊದಲೇ ತಿಳಿಸಿ. ಸರಿಯಾಗಿ ಕಚ್ಚಿಕೊಳ್ಳದ ಬಣ್ಣ ಫಿಲ್ಮ್ ಕೀಳುವಾಗ ಅದರ ಜೊತೆಗೇ ಎದ್ದುಬರುತ್ತದೆ.

ಬೆಳ್ಳಿ ಕಾರಿನ ನಿಜವಾದ ಕಷ್ಟ ಬಾಗಿಲು ತೆರೆದಾಗ ಗೊತ್ತಾಗುತ್ತದೆ. ಬಾಗಿಲ ಚೌಕಟ್ಟಿನ ಒಳಭಾಗ, ಬಾನೆಟ್ಟಿನ ಅಡಿ, ಡಿಕ್ಕಿಯ ಒಳ ಅಂಚು, ಇವೆಲ್ಲ ಬೆಳ್ಳಿಯಾಗಿಯೇ ಉಳಿಯುತ್ತವೆ. ಅವನ್ನೂ ಮುಚ್ಚಬೇಕೆಂದರೆ ಬಿಚ್ಚುವ ಕೆಲಸ ಮತ್ತು ಖರ್ಚು ಬಹಳ ಏರುತ್ತದೆ. ಗಾಢ ಬೂದು ಅಥವಾ ಕಡುನೀಲಿ ಕಾರಿನಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣದು, ನಿಮ್ಮ ಕಾರಿನಲ್ಲಿ ಕಾಣುತ್ತದೆ. ಕ್ರೋಮ್, ಕನ್ನಡಿ, ಚಕ್ರಗಳಿಂದ ಆರಂಭಿಸಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ಬಿಳಿ ಎಸ್‌ಯುವಿಗೆ ಮ್ಯಾಟ್ (ಹೊಳಪಿಲ್ಲದ) ಕಪ್ಪು ರ‍್ಯಾಪ್ ಮಾಡಿಸಿದರೆ ಆರ್‌.ಸಿ.ಯಲ್ಲಿ (ನೋಂದಣಿ ಪತ್ರದಲ್ಲಿ) ಬಣ್ಣ ಬದಲಿಸಬೇಕೇ? ಅದು ಪೇಂಟ್ ಅಲ್ಲ, ಬರೀ ಸ್ಟಿಕ್ಕರ್ ಎಂದು ಅಂಗಡಿಯವರು ಹೇಳುತ್ತಾರೆ. (ರಾಜಾಜಿನಗರ)

ಉತ್ತರ: ಬದಲಿಸಬೇಕು. ಆರ್‌.ಸಿ.ಯಲ್ಲಿ ವಾಹನದ ಬಣ್ಣ ಒಂದು ಗುರುತಾಗಿ ದಾಖಲಾಗಿರುತ್ತದೆ. ಅಲ್ಲಿ ಬಿಳಿ ಎಂದಿದ್ದು ರಸ್ತೆಯಲ್ಲಿ ಕಪ್ಪು ಕಾರು ಸಿಕ್ಕರೆ, ತಪಾಸಣೆ ಮಾಡುವ ಪೊಲೀಸರಿಗೆ ಅದು ಪೇಂಟೋ ಸ್ಟಿಕ್ಕರೋ ಎಂಬುದು ಮುಖ್ಯವಾಗುವುದಿಲ್ಲ. ಕಳವಾದ ವಾಹನವೇ ಎಂಬ ಸಂಶಯ ಮೊದಲು ಬರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಂದಣಿ ಪತ್ರದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಅನುಮತಿಯಿಲ್ಲದ ಮಾರ್ಪಾಡಿಗೆ, 2019ರ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ ಪ್ರಕಾರ, ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಆಗಬಹುದು. ಕೆಲಸಕ್ಕೆ ಮೊದಲೇ ನಿಮ್ಮ ಆರ್‌ಟಿಒ ಕಚೇರಿಗೆ ಅರ್ಜಿ ಕೊಟ್ಟು, ಕೆಲಸ ಮುಗಿದ ಮೇಲೆ ಕಾರನ್ನು ತೋರಿಸಿ ಹೊಸ ಬಣ್ಣವನ್ನು ದಾಖಲಿಸಿಕೊಳ್ಳುವುದು ಸರಿಯಾದ ಕ್ರಮ. ಕಾರಿನ ಮೇಲೆ ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ಬೇಕಾಗುತ್ತದೆ. ಹೊಸ ಆರ್‌.ಸಿ. ಬಂದ ಕೂಡಲೇ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ ಪಾಲಿಸಿಯಲ್ಲೂ ತಿದ್ದಿಸಿ. ರ‍್ಯಾಪಿನ ಬೆಲೆಯನ್ನು ಘೋಷಿಸದಿದ್ದರೆ, ಅಪಘಾತದಲ್ಲಿ ಬಾಗಿಲು ಬದಲಾದಾಗ ಅದಕ್ಕೆ ಹೊಸ ಫಿಲ್ಮ್ ಹಾಕಿಸುವ ಖರ್ಚನ್ನು ನೀವೇ ಭರಿಸಬೇಕಾದೀತು. ಗ್ರಿಲ್, ಕನ್ನಡಿ ಹೊದಿಕೆ, ಕ್ರೋಮ್ ಪಟ್ಟಿಗಳಷ್ಟೇ ಕಪ್ಪಾದರೆ ಮೈಬಣ್ಣ ಬದಲಾಗದ ಕಾರಣ ಈ ಓಡಾಟ ಬರುವುದಿಲ್ಲ. ರೂಫ್ ಒಂದನ್ನೇ ಕಪ್ಪು ಮಾಡುವವರು ಮೊದಲು ಆರ್‌ಟಿಒದಲ್ಲಿ ವಿಚಾರಿಸಿಕೊಳ್ಳುವುದು ಲೇಸು.

ಮ್ಯಾಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮ್ಯಾಟ್ ಮೇಲ್ಮೈಗೆ ಪಾಲಿಶ್ ಮಾಡುವಂತಿಲ್ಲ, ಮಾಮೂಲಿ ವ್ಯಾಕ್ಸ್ ಹಚ್ಚುವಂತಿಲ್ಲ. ಹಚ್ಚಿದರೆ ಅಲ್ಲಲ್ಲಿ ಹೊಳಪಿನ ಮಚ್ಚೆ ಬೀಳುತ್ತದೆ. ಹಕ್ಕಿ ಹಿಕ್ಕೆಯನ್ನು ಅಂದೇ ತೊಳೆಯಬೇಕು. ರಸ್ತೆ ಬದಿಯ ಮರಗಳ ಕೆಳಗೆ ಕಾರು ನಿಲ್ಲಿಸುವವರಿಗೆ ಮ್ಯಾಟಿಗೂ ಹೊಳಪಿಗೂ ನಡುವಿನ ಸ್ಯಾಟಿನ್ ಕಪ್ಪು ಹೆಚ್ಚು ಕ್ಷಮಾಗುಣದ್ದು. ಇನ್ನೊಂದು ಮಾತು: ಮ್ಯಾಟ್ ಕಪ್ಪಿನ ಜೊತೆಯಲ್ಲೇ ಅಂಗಡಿಗಳಲ್ಲಿ ಮಿಲಿಟರಿ ಹಸಿರನ್ನೂ ತೋರಿಸುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲು.

ಪ್ರಶ್ನೆ: ಕಿಟಕಿ ಗಾಜಿಗೆ ಕಪ್ಪು ಕೂಲಿಂಗ್ ಪೇಪರ್ ಇಲ್ಲದೆ ಪೂರ್ತಿ ಕಪ್ಪು ರೂಪ ಬರುವುದೇ? ಈಗ ಅನುಮತಿ ಇದೆ ಎನ್ನುತ್ತಾರಲ್ಲ? (ಮಲ್ಲೇಶ್ವರ)

ಉತ್ತರ: 2012ರ ಏಪ್ರಿಲ್ 27ರಂದು ಅವಿಷೇಕ್ ಗೋಯೆಂಕಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎಷ್ಟೇ ಪಾರದರ್ಶಕತೆಯ ಕಪ್ಪು ಫಿಲ್ಮನ್ನಾದರೂ ಗಾಜಿಗೆ ಅಂಟಿಸಬಾರದು ಎಂದಿತು. ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದಂತೆ ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇ. 70ರಷ್ಟು, ಪಕ್ಕದ ಗಾಜುಗಳ ಮೂಲಕ ಕನಿಷ್ಠ ಶೇ. 50ರಷ್ಟು ಬೆಳಕು ಹಾಯಬೇಕು. ಅನುಮತಿಯ ಮಾತು ಹುಟ್ಟಿದ್ದು ನಂತರ ಆ ನಿಯಮಕ್ಕೆ ತಿದ್ದುಪಡಿಯಾಗಿ, ಅದರ ಆಧಾರದ ಮೇಲೆ 2024ರಲ್ಲಿ ಕೇರಳ ಹೈಕೋರ್ಟ್ ಮಾನದಂಡಕ್ಕೆ ಒಳಪಟ್ಟ ಫಿಲ್ಮಿಗೆ ಅವಕಾಶವಿದೆ ಎಂದು ತೀರ್ಪಿತ್ತ ಮೇಲೆ. ಆದರೆ ಆ ತೀರ್ಪೂ 70 ಮತ್ತು 50ರ ಮಿತಿಯನ್ನು ಸಡಿಲಿಸಿಲ್ಲ. ಶೇ. 50ರಷ್ಟು ಬೆಳಕು ಬಿಡುವ ಗಾಜು ಹೊರಗಿನಿಂದ ತಿಳಿ ಬೂದಾಗಿ ಕಾಣುತ್ತದೆಯೇ ಹೊರತು ಕಪ್ಪಾಗಿ ಅಲ್ಲ. ನೀವು ಬಯಸುವ ಕಡುಗಪ್ಪು ಗಾಜಿಗೆ ಯಾವ ವ್ಯಾಖ್ಯಾನದಲ್ಲೂ ಜಾಗವಿಲ್ಲ. ರಾತ್ರಿ ಮಳೆಯಲ್ಲಿ ಎಡಗಡೆಯಿಂದ ನುಗ್ಗಿಬರುವ ಬೈಕನ್ನು ಅಂಥ ಗಾಜಿನೊಳಗಿಂದ ಕಾಣುವುದು ಎಷ್ಟು ಕಷ್ಟವೆಂಬುದನ್ನು ಯೋಚಿಸಿದರೆ ನನಗೆ ಈ ಮಿತಿ ಸರಿಯೆಂದೇ ತೋರುತ್ತದೆ. ಕಿಟಕಿಯ ಸುತ್ತಲಿನ ಪಟ್ಟಿ ಮತ್ತು ಕಂಬಗಳು ಹೊಳಪು ಕಪ್ಪಾಗಿದ್ದರೆ ಗಾಜು ತಾನಾಗಿಯೇ ಗಾಢವಾಗಿ ಕಾಣುತ್ತದೆ.

ಪ್ರಶ್ನೆ: ಹೆಡ್‌ಲ್ಯಾಂಪ್ ಮತ್ತು ಹಿಂದಿನ ದೀಪಗಳಿಗೆ ‘ಸ್ಮೋಕ್’ ಫಿಲ್ಮ್ ಹಾಕಿಸಿ, ನಂಬರ್ ಪ್ಲೇಟನ್ನೂ ಕಪ್ಪು ಮಾಡಿಸುವ ಆಲೋಚನೆಯಿದೆ. (ಕೋರಮಂಗಲ)

ಉತ್ತರ: ಎರಡನ್ನೂ ಬಿಟ್ಟುಬಿಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಅದರಲ್ಲೂ ದೀಪಗಳನ್ನು ಮಬ್ಬಾಗಿಸುವುದು ಜೀವಕ್ಕೇ ಎರವಾಗಬಲ್ಲದು. ಬ್ರೇಕ್ ದೀಪದ ಹೊಳಪನ್ನೂ ಅದು ಕಾಣುವ ಕೋನವನ್ನೂ ಲೆಕ್ಕಹಾಕಿ, ಪರೀಕ್ಷಿಸಿ ಮಾಡಿರುತ್ತಾರೆ. ಅದರ ಮೇಲೆ ಮಬ್ಬು ಫಿಲ್ಮ್ ಹಾಕಿದರೆ, ಹಗಲು ಹೊತ್ತಿನ ಬಿರುಬಿಸಿಲಿನಲ್ಲಿ ದೀಪ ಉರಿಯುತ್ತಿದೆಯೋ ಇಲ್ಲವೋ ಎಂಬುದೇ ಹಿಂದಿನವರಿಗೆ ಗೊತ್ತಾಗದು. ಹಿಂದಿನ ಬಂಪರಿನಲ್ಲಿರುವ ಕೆಂಪು ಪ್ರತಿಫಲಕಗಳನ್ನೂ ಕೆಲವರು ಅಂದಕ್ಕಾಗಿ ಮುಚ್ಚಿಸುತ್ತಾರೆ. ಬ್ಯಾಟರಿ ಕೈಕೊಟ್ಟು ಹೊಸೂರು ರಸ್ತೆಯಂಥ ಹೆದ್ದಾರಿಯ ಅಂಚಿನಲ್ಲಿ ರಾತ್ರಿ ಕಾರು ನಿಂತರೆ, ಹಿಂದಿನಿಂದ ಬರುವ ಲಾರಿಗೆ ಅದರ ಇರವನ್ನು ತಿಳಿಸಲು ಆ ಎರಡು ತುಂಡುಗಳೇ ಉಳಿದಿರುತ್ತವೆ. ಕಪ್ಪು ಕಾರಿಗೆ ಇದು ಇನ್ನಷ್ಟು ಮುಖ್ಯ: ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಅಪಘಾತಗಳ ದಾಖಲೆಗಳನ್ನು ಪರಿಶೀಲಿಸಿ, ಹಗಲಿನಲ್ಲಿಯೂ ಬಿಳಿ ಕಾರಿಗಿಂತ ಕಪ್ಪು ಕಾರಿಗೆ ಅಪಘಾತದ ಸಂಭವ ಶೇ. 12ರಷ್ಟು ಹೆಚ್ಚೆಂದು ಕಂಡುಕೊಂಡಿದ್ದರು. ಮೈಯನ್ನು ಕಪ್ಪು ಮಾಡಿದವರು ದೀಪಗಳನ್ನು ಇನ್ನಷ್ಟು ಸ್ವಚ್ಛವಾಗಿಟ್ಟುಕೊಳ್ಳಬೇಕು. ನೋಟಕ್ಕೆ ಗಾಢತೆ ಬೇಕೇ ಬೇಕೆಂದರೆ, ಒಳಗಿನ ಚೌಕಟ್ಟು ಕಪ್ಪಾಗಿದ್ದು ಹೊರಗಾಜು ಸ್ವಚ್ಛವಾಗಿರುವ ಕಂಪನಿಯ ದೀಪಗಳು ಕೆಲವು ಮಾದರಿಗಳಿಗೆ ಸಿಗುತ್ತವೆ.

ನಂಬರ್ ಪ್ಲೇಟಿನ ವಿಷಯ ಚಿಕ್ಕದು. ವಿದ್ಯುತ್ ಚಾಲಿತವಲ್ಲದ ಖಾಸಗಿ ಕಾರಿಗೆ ಬಿಳಿ ಹಲಗೆಯ ಮೇಲೆ ಕಪ್ಪು ಅಕ್ಷರಗಳ ಅತಿ ಸುರಕ್ಷಿತ ನೋಂದಣಿ ಫಲಕ, ಅಂದರೆ ಎಚ್‌ಎಸ್‌ಆರ್‌ಪಿ ಮಾತ್ರ. ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ ಸ್ವತಃ ಓಡಿಸಲು ಬಾಡಿಗೆಗೆ ಕೊಡುವ ಕಾರುಗಳ ಗುರುತು. ಮಬ್ಬು ಗಾಜಿನ ಹೊದಿಕೆಯೂ ಕೂಡದು. ಪ್ಲೇಟಿನ ಸುತ್ತ ತೆಳುವಾದ ಕಪ್ಪು ಚೌಕಟ್ಟು ಹಾಕಿಕೊಳ್ಳಬಹುದು, ಅಕ್ಷರಗಳಾಗಲಿ ಹಾಲೋಗ್ರಾಂ ಆಗಲಿ ಮರೆಯಾಗಬಾರದಷ್ಟೆ.

ಪ್ರಶ್ನೆ: ಅಲಾಯ್ ಚಕ್ರಗಳಿಗೆ ಪೌಡರ್ ಕೋಟಿಂಗ್ ಒಳ್ಳೆಯದೋ, ಪೇಂಟೋ? (ಪೀಣ್ಯ)

ಉತ್ತರ: ಕಲ್ಲೇಟನ್ನೂ ಬ್ರೇಕಿನಿಂದ ಉದುರುವ ಬಿಸಿ ಪುಡಿಯನ್ನೂ ಪೌಡರ್ ಕೋಟಿಂಗ್ (ಬಣ್ಣದ ಪುಡಿಯನ್ನು ಶಾಖದಿಂದ ಕರಗಿಸಿ ಕೂರಿಸುವ ಲೇಪ) ಹೆಚ್ಚು ತಡೆಯುತ್ತದೆ. ನೀವಿರುವ ಕೈಗಾರಿಕಾ ಪ್ರದೇಶದಲ್ಲೇ ಪೌಡರ್ ಕೋಟಿಂಗ್ ಮಾಡುವ ಘಟಕಗಳಿವೆ. ಆದರೆ ಕಬ್ಬಿಣದ ಕಪಾಟಿಗೆ ಮಾಡುವ ಕೆಲಸವೇ ಬೇರೆ, ಕಾರಿನ ಚಕ್ರದ ಕೆಲಸವೇ ಬೇರೆ. ಪುಡಿ ಕರಗಿ ಗಟ್ಟಿಯಾಗಲು ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಶಾಖ ಬೇಕು. ಅಲಾಯ್ ಚಕ್ರಗಳು ಶಾಖ ಸಂಸ್ಕರಣೆಯಿಂದಲೇ ಬಲ ಪಡೆದಿರುವುದರಿಂದ, ಶಾಖವೂ ಸಮಯವೂ ಮಿತಿಮೀರಿದರೆ ಆ ಬಲ ಕುಗ್ಗುತ್ತದೆ. ಚಕ್ರಗಳನ್ನೇ ಮಾಡುವ ಅನುಭವವಿರುವ, ಓವನ್ನಿನ ಶಾಖವನ್ನು ಅಳೆದು ತೋರಿಸಬಲ್ಲ ಘಟಕವನ್ನೇ ಹುಡುಕಿ. ಟೈರು, ವಾಲ್ವು, ತೂಕದ ಸೀಸಗಳನ್ನು ತೆಗೆದು, ಹಳೆಯ ಬಣ್ಣವನ್ನು ಪೂರ್ತಿ ಕಿತ್ತು ಕೆಲಸ ಮಾಡಬೇಕು. ಚಕ್ರವನ್ನು ಕೂರಿಸುವ ಲೋಹದ ಬಿಲ್ಲೆಗೆ (ಹಬ್) ತಾಗುವ ಹಿಂಭಾಗಕ್ಕೂ ನಟ್ಟುಗಳು ಕೂರುವ ಗುಳಿಗಳಿಗೂ ಲೇಪ ಬೀಳದಂತೆ ಮುಚ್ಚಬೇಕೆಂಬುದನ್ನು ಮಾತ್ರ ನೀವೇ ನಿಂತು ಹೇಳಿ. ಅಲ್ಲಿ ದಪ್ಪ ಲೇಪವಿದ್ದರೆ ಕಾರು ಓಡಿದಂತೆ ಅದು ಜಜ್ಜಿ ತೆಳುವಾಗಿ, ಬಿಗಿ ಮಾಡಿದ ನಟ್ಟುಗಳು ಸಡಿಲವಾಗುತ್ತವೆ. ಚಕ್ರ ಹಾಕಿದ ಮೇಲೆ ಕಂಪನಿ ಹೇಳಿದ ಟಾರ್ಕಿಗೆ (ಬಿಗಿಯ ಅಳತೆಗೆ) ನಟ್ಟುಗಳನ್ನು ಬಿಗಿಮಾಡಿಸಿ, ಸುಮಾರು 100 ಕಿ.ಮೀ. ಓಡಿದ ನಂತರ ಮತ್ತೊಮ್ಮೆ ನೋಡಿಸಿ.

ಪ್ರಶ್ನೆ: ನನ್ನ ಹೊಸ ಕಾರಿನಲ್ಲಿ ಅಡಾಸ್ (ರಾಡಾರ್ ಮುಂತಾದವುಗಳಿಂದ ಚಾಲಕನಿಗೆ ನೆರವಾಗುವ ವ್ಯವಸ್ಥೆ) ಇದೆ. ಗ್ರಿಲ್ ಮತ್ತು ಲಾಂಛನವನ್ನು ಕಪ್ಪು ಮಾಡಿಸಿದರೆ ತೊಂದರೆಯೇ? (ವೈಟ್‌ಫೀಲ್ಡ್)

ಉತ್ತರ: ಆಗಬಹುದು. ಮುಂದಿನ ರಾಡಾರ್ ಹಲವು ಕಾರುಗಳಲ್ಲಿ ಲಾಂಛನದ ಹಿಂದೆ ಅಥವಾ ಗ್ರಿಲ್ಲಿನ ಕೆಳಭಾಗದಲ್ಲಿರುತ್ತದೆ, ಮತ್ತು ಅದರ ಅಲೆಗಳು ಎದುರಿನ ಪ್ಲಾಸ್ಟಿಕ್ಕನ್ನು ಹಾದುಹೋಗಬೇಕು. ಲೋಹದ ಕಣಗಳಿರುವ ಬಣ್ಣ, ಕ್ರೋಮ್ ಬಗೆಯ ಫಿಲ್ಮ್, ದಪ್ಪವಾದ ಮರುಪೇಂಟ್ ಇವು ಆ ದಾರಿಗೆ ಅಡ್ಡಬರುತ್ತವೆ. ರಾಡಾರಿನ ಎದುರಿನ ತುಂಡನ್ನು ಮುಟ್ಟದೆ ಉಳಿದದ್ದನ್ನು ಮಾಡಿಸಿ. ನಿಮ್ಮ ಮಾದರಿಯಲ್ಲಿ ಅದು ಎಲ್ಲಿದೆಯೆಂಬುದು ಮಾಲೀಕರ ಕೈಪಿಡಿಯಲ್ಲಿ ಇರುತ್ತದೆ. ಬಂಪರಿನ ಪಾರ್ಕಿಂಗ್ ಸೆನ್ಸರುಗಳ ಮೇಲೂ ಫಿಲ್ಮ್ ಎಳೆಯಬಾರದು, ಅವುಗಳ ಸುತ್ತ ದುಂಡಗೆ ಕತ್ತರಿಸಬೇಕು. ಕಾರು ಇನ್ನೂ ವಾರಂಟಿಯಲ್ಲಿರುವುದರಿಂದ, ಕೆಲಸಕ್ಕೆ ಮೊದಲು ಶೋರೂಂನಿಂದ ಒಂದು ಲಿಖಿತ ಉತ್ತರ ಪಡೆಯುವುದು ಒಳ್ಳೆಯದು.

ಪ್ರಶ್ನೆ: ಮುಂದಿನ ವರ್ಷ ಹೊಸ ಕಾರು ಕೊಳ್ಳುವವನಿದ್ದೇನೆ. ಕಂಪನಿಯ ಕಪ್ಪು ಆವೃತ್ತಿಯನ್ನೇ ಕೊಳ್ಳಲೇ? ಬಿಸಿಲಿಗೆ ಬಹಳ ಕಾಯುತ್ತದೆ, ತೊಳೆದು ಸಾಕಾಗುತ್ತದೆ ಎಂದು ಮನೆಯಲ್ಲಿ ಆಕ್ಷೇಪವಿದೆ. (ಯಲಹಂಕ)

ಉತ್ತರ: ಪೂರ್ತಿ ಕಪ್ಪೇ ಬೇಕೆಂದು ಮನಸ್ಸು ಗಟ್ಟಿಯಿದ್ದರೆ ಕಂಪನಿಯ ಆವೃತ್ತಿಯೇ ಉತ್ತಮ ದಾರಿ. 2019ರಲ್ಲಿ ಟಾಟಾ ಹ್ಯಾರಿಯರ್ ಡಾರ್ಕ್ ಬಂದ ಮೇಲೆ ಹ್ಯುಂಡೈ ನೈಟ್ ಎಡಿಷನ್, ನೆಕ್ಸಾ ಬ್ಲ್ಯಾಕ್ ಎಡಿಷನ್, ಎಂಜಿ ಬ್ಲ್ಯಾಕ್‌ಸ್ಟಾರ್ಮ್, ಮಹೀಂದ್ರ ಸ್ಕಾರ್ಪಿಯೋ ಎನ್ ಕಾರ್ಬನ್ ಹೀಗೆ ಆಯ್ಕೆ ಸಾಕಷ್ಟಿದೆ. ಆರ್‌.ಸಿ.ಯಲ್ಲಿ ಮೊದಲಿನಿಂದಲೇ ಕಪ್ಪು ಎಂದಿರುತ್ತದೆ, ಬಾಗಿಲ ಒಳಗೂ ಕಪ್ಪೇ ಇರುತ್ತದೆ, ವಾರಂಟಿಯ ತಕರಾರಿಲ್ಲ.

ಮನೆಯವರ ಆಕ್ಷೇಪದಲ್ಲಿ ಹುರುಳಿದೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಸಂಶೋಧಕರು ಒಂದೇ ಮಾದರಿಯ ಕಪ್ಪು ಮತ್ತು ಬೆಳ್ಳಿ ಕಾರುಗಳನ್ನು ಬಿಸಿಲಿನಲ್ಲಿ ನಿಲ್ಲಿಸಿ ಅಳೆದು 2011ರಲ್ಲಿ ವರದಿ ಮಾಡಿದಾಗ, ಕಪ್ಪು ಕಾರಿನ ರೂಫ್ 25 ಡಿಗ್ರಿಯವರೆಗೂ, ಒಳಗಿನ ಗಾಳಿ ಸುಮಾರು 5ರಿಂದ 6 ಡಿಗ್ರಿಯೂ ಹೆಚ್ಚು ಬಿಸಿಯಾಗಿತ್ತು. ನಮ್ಮೂರಿನ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಬಯಲಿನಲ್ಲಿ ಕಾರು ನಿಲ್ಲಿಸುವವರಾದರೆ ಇದು ದಿನವೂ ಅನುಭವಕ್ಕೆ ಬರುತ್ತದೆ. ನೆರಳಿನ ಪಾರ್ಕಿಂಗ್ ಇದ್ದರೆ ಅಷ್ಟಾಗಿ ಬಾಧಿಸದು.

ತೊಳೆಯುವ ವಿಷಯದಲ್ಲಿ ನಾನು ಇನ್ನೂ ಗಟ್ಟಿಯಾಗಿ ಎಚ್ಚರಿಸುತ್ತೇನೆ. 2024ರ ಮಾರ್ಚ್‌ನ ನೀರಿನ ಅಭಾವದಲ್ಲಿ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿದ್ದು ನಿಮಗೆ ನೆನಪಿರಬಹುದು. ಕಪ್ಪು ಕಾರು ಬಿಳಿಯದಕ್ಕಿಂತ ಬೇಗ ಕೊಳಕಾಗಿ ಕಾಣುವುದರಿಂದ ಕೈ ಮತ್ತೆ ಮತ್ತೆ ಬಟ್ಟೆಯ ಕಡೆಗೆ ಹೋಗುತ್ತದೆ. ಒಣಧೂಳಿನ ಮೇಲೆ ಬಟ್ಟೆ ಎಳೆದರೆ ಬಿಸಿಲಿನಲ್ಲಿ ಜೇಡರಬಲೆಯಂತೆ ಕಾಣುವ ಸುರುಳಿಗೆರೆಗಳು ಬೀಳುತ್ತವೆ. ಬೆಳಗ್ಗೆ ಕಾರು ಒರೆಸಲು ಬರುವವರಿಗೆ, ಧೂಳಿದ್ದ ದಿನ ಒಣಬಟ್ಟೆ ಮುಟ್ಟಿಸಬೇಡಿ ಎಂದು ತಿಳಿಹೇಳಿ. ಬಕೆಟ್ಟುಗಳು ಎರಡು ಇರಲಿ: ಒಂದರಲ್ಲಿ ಕಾರಿನ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆಯ ಮಣ್ಣು ಬಿಡಿಸಲು ಬರೀ ನೀರು. ಬೋರ್‌ವೆಲ್ ನೀರು ಗಡಸಾಗಿರುವ ಕಡೆ, ಹನಿ ಒಣಗಿದಲ್ಲಿ ಸುಣ್ಣದ ಬಿಳಿ ಉಂಗುರ ಉಳಿಯುತ್ತದೆ, ಮತ್ತು ಬಿಸಿ ಬಾನೆಟ್ಟಿನ ಮೇಲೆ ಅದು ಕ್ಲಿಯರ್ ಕೋಟನ್ನೇ ತಿನ್ನಲು ತೊಡಗುತ್ತದೆ. ನೆರಳಿನಲ್ಲಿ, ಬಾನೆಟ್ ತಣ್ಣಗಾದ ಮೇಲೆ ತೊಳೆದು, ದಪ್ಪ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ಒತ್ತಿ ನೀರು ಹೀರಿಸಬೇಕು, ಉಜ್ಜಬಾರದು. ಮಳೆನೀರು ಸಂಗ್ರಹದ ತೊಟ್ಟಿ ನಿಮ್ಮ ಮನೆಯಲ್ಲಿದ್ದರೆ ಕೊನೆಯ ಬಕೆಟ್ಟನ್ನು ಅದರಿಂದಲೇ ಸುರಿಯಿರಿ; ಮಳೆನೀರಿನಲ್ಲಿ ಲವಣಾಂಶ ತೀರ ಕಡಿಮೆಯಿರುವುದರಿಂದ ಕಲೆ ಬೀಳುವುದಿಲ್ಲ.